ಕಸೂತಿಗೆ ಹೊಸ ನಮೂನೆ: ಕಲಿಸಬೇಕಾದ್ದು ನೋಡುವ ಕ್ರಮ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಕಸೂತಿ ತರಬೇತಿಯ ಬೋರ್ಡುಗಳು ಕಾಣತೊಡಗುತ್ತವೆ. ಕಲಿಯಬೇಕೆಂದು ಬರುವವರಿಗೆ ಬರವಿಲ್ಲ. ಗಾವಂತಿ (ಹೋಗಿ ಬಂದು ತುಂಬುವ ಗೆರೆ ಹೊಲಿಗೆ), ಮುರ್ಗಿ (ಮೆಟ್ಟಿಲಿನಂತೆ ಓಡುವುದು), ನೇಗಿ (ನೇಯ್ದಂತೆ ತುಂಬುವುದು), ಮೆಂತಿ (ಕ್ರಾಸ್‌ಸ್ಟಿಚ್‌ನಂಥದ್ದು) ಈ ನಾಲ್ಕು ಹೊಲಿಗೆಗಳೂ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತವೆ. ಆಮೇಲೆ ಎಲ್ಲರೂ ಹಾಕುವುದು ಅದೇ ಗೋಪುರ, ಅದೇ ತೇರು, ಅದೇ ಅಂಬಾರಿ ಆನೆ. ಅದು ಬೇಸರವಾದರೆ ಮೊಬೈಲಿನಲ್ಲಿ ಸಿಕ್ಕ ಕ್ರಾಸ್‌ಸ್ಟಿಚ್ ಗುಲಾಬಿ. ಹೊಸ ನಮೂನೆಯನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಬಟ್ಟೆಗೆ ಹೇಗೆ ಇಳಿಸಬೇಕು ಎಂಬ ಪಾಠ ಬಹುಪಾಲು ಶಿಬಿರಗಳಲ್ಲಿ ಇಲ್ಲವೇ ಇಲ್ಲ. ಅದೆಲ್ಲ ಹುಟ್ಟಿನಿಂದಲೇ ಬರಬೇಕು ಎಂದು ಕೈಬಿಡುತ್ತಾರೆ. ಈ ಮಾತನ್ನು ಒಪ್ಪಲಾಗದು. ತೊಟ್ಟಿಲು, ತುಳಸಿಕಟ್ಟೆ, ಗಿಳಿ, ಪಲ್ಲಕ್ಕಿಗಳನ್ನು ಸೀರೆಗೆ ತಂದ ಹೆಂಗಸರು ಮನೆಯಲ್ಲಿ, ಅಂಗಳದಲ್ಲಿ, ಜಾತ್ರೆಯಲ್ಲಿ ಕಂಡದ್ದನ್ನು ಎಳೆಗಳ ಲೆಕ್ಕಕ್ಕೆ ಇಳಿಸಿದವರು. ಹಾಗೆ ಇಳಿಸುವುದಕ್ಕೆ ಒಂದು ಕ್ರಮವಿದೆ. ಅದನ್ನು ಕಲಿಸಬಹುದು, ಕಲಿಯಬಹುದು.

ಕಣ್ಣಿಗೆ ಚೆಂದ ಕಂಡದ್ದೆಲ್ಲ ಕಸೂತಿಗೆ ಒಗ್ಗುವುದಿಲ್ಲ. ಇದು ಎಳೆ ಎಣಿಸಿ ಹಾಕುವ ಕೆಲಸ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂತಿ, ಮುರ್ಗಿಯಲ್ಲಿ ಎದುರೂ ಹಿಂಬದಿಯೂ ಒಂದೇ ಥರ ಕಾಣಬೇಕು. ಗೆರೆ ಓಡುವುದು ಅಡ್ಡ, ಉದ್ದ, ಎಡ ಓರೆ, ಬಲ ಓರೆ, ಇಷ್ಟೇ. ಹೀಗಾಗಿ ನಮೂನೆ ಹುಡುಕುವವರು ಬಣ್ಣವನ್ನೂ ನೆರಳನ್ನೂ ಬದಿಗಿಟ್ಟು ಗೆರೆಯನ್ನು ಮಾತ್ರ ನೋಡಬೇಕು. ಮೊಬೈಲಿನ ಫೋಟೊವನ್ನು ಚಾರ್ಟ್ ಮಾಡಿಕೊಡುವ ಆ್ಯಪ್‌ಗಳು ಇಲ್ಲಿ ಕೈಕೊಡುತ್ತವೆ. ಅವು ಚಾರ್ಟಿನ ಪ್ರತಿ ಮನೆಗೂ (ಅಂದರೆ ಚಿಕ್ಕ ಚೌಕಕ್ಕೂ) ಒಂದೊಂದು ಬಣ್ಣ ತುಂಬಿ ಮೂವತ್ತು ನಲವತ್ತು ಬಣ್ಣದ ಚಿತ್ರ ಕೊಡುತ್ತವೆ. ಅದು ಕ್ರಾಸ್‌ಸ್ಟಿಚ್‌ಗೆ ಸರಿ. ಗಾವಂತಿ ಓಡುವುದು ಮನೆಗಳ ಒಳಗಲ್ಲ, ಗೆರೆಗಳ ಮೇಲೆ. ಆ ಚಾರ್ಟ್ ಇಟ್ಟುಕೊಂಡು ಕೂತವರು ಅರ್ಧ ದಿನ ಕಳೆದ ಮೇಲೆ ಸೂಜಿ ಎತ್ತ ಹೋಗಬೇಕೆಂದು ತಿಳಿಯದೆ ಎಲ್ಲವನ್ನೂ ಮೆಂತಿಯಲ್ಲಿ ತುಂಬಿಬಿಡುತ್ತಾರೆ. ದಾರ ಹೆಚ್ಚು ಹಿಡಿಯುತ್ತದೆ, ಬಟ್ಟೆ ಸುಕ್ಕುಗಟ್ಟುತ್ತದೆ.

ಎರಡನೆಯದು, ನಮೂನೆಯ ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿಕೊಂಡಿರಬೇಕು. ಆನೆಯ ಮೈಗೆರೆ ಬರೆದು ಒಳಗೆ ಕಣ್ಣೊಂದನ್ನು ಒಂಟಿಯಾಗಿ ಇಟ್ಟರೆ ಅಲ್ಲಿಗೆ ಹೋಗಲು ದಾರವನ್ನು ಹಿಂಬದಿಯಲ್ಲಿ ಎಳೆದೊಯ್ಯಬೇಕಾಗುತ್ತದೆ. ಹಿಂಬದಿ ಕೆಟ್ಟಿತು. ತೆಳು ಬಟ್ಟೆಯಾದರೆ ಆ ಎಳೆ ಎದುರಿಗೂ ಕಾಣುತ್ತದೆ. ಕಣ್ಣನ್ನು ಒಂದು ಸಣ್ಣ ಗೆರೆಯಿಂದ ಕಿವಿಗೋ ಹಣೆಪಟ್ಟಿಗೋ ಸೇರಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಇನ್ನು ಹುಡುಕುವ ಜಾಗಗಳು. ಮನೆ ಮುಂದಿನ ರಂಗೋಲಿಯಷ್ಟು ಹತ್ತಿರದ್ದು ಬೇರೊಂದಿಲ್ಲ, ಚುಕ್ಕಿಯ ಲೆಕ್ಕ ಅದರಲ್ಲಿ ಮೊದಲೇ ಇದೆ. ನೇರ ಚುಕ್ಕಿಯ ರಂಗೋಲಿಯನ್ನು ಗ್ರಾಫ್ ಹಾಳೆಗೆ ತರುವಾಗ ಎರಡೆರಡು ಮನೆಗೊಂದು ಚುಕ್ಕಿ ಇಡಿ. ನಡುವೆ ಒಂದು ಬಿಂದು ಉಳಿದರೆ ಮುಂದೆ ಎಸಳು, ಮೊಗ್ಗು ಸೇರಿಸಲು ಜಾಗವಾಗುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುವ ರಂಗೋಲಿ ನೇರವಾಗಿ ಇಳಿಯುತ್ತದೆ. ಚುಕ್ಕಿಯ ಸುತ್ತ ಬಳಸಿ ಹೋಗುವ ರಂಗೋಲಿಯ ಸೊಗಸೆಲ್ಲ ಬಳುಕಿನಲ್ಲಿರುವುದರಿಂದ ಅದನ್ನು ಮೂಲೆ ಮೂಲೆಯಾಗಿ ಮುರಿದರೆ ಜೀವ ಉಳಿಯದು.

ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುವ ಸಂದು ಚುಕ್ಕಿಯದ್ದು ಸ್ವಲ್ಪ ತೊಡಕು. 15ರಿಂದ 8ರ (ನಡುಸಾಲಿಗೆ 15 ಚುಕ್ಕಿ, ಎರಡೂ ತುದಿಸಾಲಿಗೆ 8) ಸಂದು ಚುಕ್ಕಿಯಲ್ಲಿ ಗೆರೆಗಳು ಸುಮಾರು 60 ಡಿಗ್ರಿ ಓರೆಯಲ್ಲಿ ಓಡುತ್ತವೆ. ಎಣಿಸುವ ಬಟ್ಟೆಯಲ್ಲಿ ಆ ಓರೆಯೇ ಇಲ್ಲ. ಚುಕ್ಕಿಗಳನ್ನು ಅಡ್ಡಕ್ಕೆ 2 ಮನೆ, ಸಾಲುಗಳನ್ನು ಉದ್ದಕ್ಕೆ 1 ಮನೆ ಅಂತರದಲ್ಲಿ ಇಟ್ಟರೆ ಓರೆ 45 ಡಿಗ್ರಿಗೆ ಬಂದು ಹೊಲಿಗೆ ಸಲೀಸಾಗುತ್ತದೆ. ಆದರೆ 28 ಮನೆ ಅಗಲದ ನಮೂನೆ 14 ಮನೆ ಎತ್ತರಕ್ಕೆ ಕುಗ್ಗಿ ಚಪ್ಪಟೆಯಾಗುತ್ತದೆ. ಸಾಲುಗಳನ್ನೂ 2 ಮನೆ ಅಂತರದಲ್ಲಿಟ್ಟರೆ ಆಕಾರ ಬಹುಮಟ್ಟಿಗೆ ಉಳಿಯುತ್ತದೆ. ಆಗ ಪ್ರತಿ ಓರೆ ಗೆರೆ ಒಂದು ಮನೆ ಪಕ್ಕಕ್ಕೆ, ಎರಡು ಮನೆ ಮೇಲಕ್ಕೆ ಹೋಗುವ ಉದ್ದ ಹೊಲಿಗೆಯಾಗಿ ಸಡಿಲ ಬೀಳುತ್ತದೆ. ಅಂಚಿನ ಪಟ್ಟಿಗೆ ಚಪ್ಪಟೆಯದೇ ಚೆಂದ. ಸೆರಗಿನ ನಡುವೆ ಇಡುವ ದೊಡ್ಡ ನಮೂನೆಗೆ ಎರಡನೆಯದು ಬೇಕು, ಆದರೆ ಆ ಉದ್ದ ಓರೆಗಳನ್ನು ಮುರ್ಗಿಯ ಮೆಟ್ಟಿಲಾಗಿ ಒಡೆದು ಹಾಕಬೇಕು.

ಗುಡಿ ಎಂದರೆ ಎಲ್ಲರ ಕಣ್ಣೂ ಶಿಖರದ ಮೇಲೆ. ಶಿಖರ ಸೀರೆಗೆ ಬಂದು ಎಷ್ಟೋ ಕಾಲವಾಯಿತು. ಗೋಡೆ, ಕಂಬ, ಕಿಟಕಿ, ತಳವಿನ್ಯಾಸ ಇನ್ನೂ ಹಾಗೇ ಉಳಿದಿವೆ. ಐಹೊಳೆಯ ದುರ್ಗ ಗುಡಿಯ ಜಾಲಂಧ್ರಗಳನ್ನೇ (ಕಲ್ಲಿನಲ್ಲಿ ಕೊರೆದ ಜಾಲರಿ ಕಿಟಕಿಗಳನ್ನೇ) ನೋಡಿ. ಚೌಕ, ವಜ್ರಾಕೃತಿ, ಚಕ್ರ, ಒಂದರ ಹೆಣಿಗೆ ಇನ್ನೊಂದಕ್ಕಿಲ್ಲ. ಇವನ್ನು ಬರೆದುಕೊಳ್ಳುವಾಗ ಕಣ್ಣು ಸಹಜವಾಗಿ ರಂಧ್ರಗಳ ಅಂಚನ್ನು ಹಿಡಿಯುತ್ತದೆ. ಹಾಗೆ ಬರೆದರೆ ಪ್ರತಿ ರಂಧ್ರವೂ ಒಂದೊಂದು ಒಂಟಿ ತುಂಡು, ಮೇಲೆ ಹೇಳಿದ ಆನೆಕಣ್ಣಿನ ತೊಂದರೆಯೇ ಮತ್ತೆ. ರಂಧ್ರ ಬಿಟ್ಟು, ಅವುಗಳ ನಡುವಿನ ಕಲ್ಲುಪಟ್ಟಿಯ ಮಧ್ಯದಲ್ಲಿ ಗೆರೆ ಎಳೆಯಿರಿ. ಇಡೀ ಜಾಲರಿ ಒಂದೇ ದಾರದಲ್ಲಿ ಓಡುವ ನಮೂನೆಯಾಗುತ್ತದೆ. ಫೋಟೊ ತೆಗೆಯುವುದಾದರೆ ಕಿಟಕಿಯ ಮಟ್ಟಕ್ಕೆ ನೇರ ಎದುರು ನಿಲ್ಲಬೇಕು. ಕೆಳಗಿನಿಂದ ತೆಗೆದರೆ ಗೆರೆಗಳು ಮೇಲೆ ಹೋಗುತ್ತಾ ಕೂಡಿಕೊಂಡು ಲೆಕ್ಕ ತಪ್ಪುತ್ತದೆ.

ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯನ್ನು ಸ್ವಲ್ಪ ವಿವರವಾಗಿಯೇ ತೆಗೆದುಕೊಳ್ಳೋಣ. ಅದರ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದೇ ಚೌಕವನ್ನು 15 ಡಿಗ್ರಿಯಷ್ಟು ತಿರುಗಿಸುತ್ತಾ ಒಂದರ ಮೇಲೊಂದು ಆರು ಸಲ ಇಟ್ಟರೆ ಈ ಆಕಾರ ಬರುತ್ತದೆ. ಆ ಆರರಲ್ಲಿ ಎಳೆ ಎಣಿಸುವ ಬಟ್ಟೆಗೆ ಕೂರುವುದು ಎರಡೇ: ನೇರ ನಿಂತ ಚೌಕ ಮತ್ತು ಮೂಲೆಯ ಮೇಲೆ ನಿಂತ ಚೌಕ. ಉಳಿದ ನಾಲ್ಕನ್ನು ಬಿಡಬೇಕು. ಬಿಟ್ಟಾಗ 8 ಮೂಲೆಯ ನಕ್ಷತ್ರ ಉಳಿಯುತ್ತದೆ. ಗ್ರಾಫ್ ಹಾಳೆಯ ಮೇಲೆ 10 ಮನೆ ಬದಿಯ ಚೌಕ ಬರೆಯಿರಿ. ಅದರ ನಡುಬಿಂದುವಿನಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಏಳೇಳು ಮನೆ ಎಣಿಸಿ ನಾಲ್ಕು ಚುಕ್ಕಿ ಇಟ್ಟು ಓರೆಯಾಗಿ ಕೂಡಿಸಿ. ಎರಡೂ ಆಕೃತಿಗಳು ಒಂದನ್ನೊಂದು ದಾಟುವ ಎಂಟು ಜಾಗಗಳೂ ಸರಿಯಾಗಿ ಗ್ರಾಫಿನ ಬಿಂದುವಿನ ಮೇಲೇ ಬೀಳುತ್ತವೆ, ಚೌಕದ ಬದಿಯ ನಡುವಿನಿಂದ ಆಚೆ ಎರಡು ಮನೆ, ಈಚೆ ಎರಡು ಮನೆ. 7ರ ಬದಲು 8 ಇಟ್ಟರೆ ನಾಲ್ಕು ಮೂಲೆ ಉದ್ದವಾಗಿ ನಾಲ್ಕು ಮೂಲೆ ಮೊಂಡಾಗುತ್ತವೆ. 6 ಇಟ್ಟರೆ ತುದಿ ಹೊರಗೆ ಕಾಣುವುದು ಒಂದೇ ಮನೆಯಷ್ಟು. ಈ 10 ಮತ್ತು 7ರ ಜೋಡಿ ಸಿಕ್ಕ ಮೇಲೆ ಒಳಗೆ ಏನು ತುಂಬಬೇಕೆಂಬುದು ಅವರವರ ಕಲ್ಪನೆಗೆ ಬಿಟ್ಟದ್ದು. ಒಬ್ಬರು ಕಮಲ ಇಡಬಹುದು, ಇನ್ನೊಬ್ಬರು ನಂದಿ. ನಡುವೆ ಏನನ್ನೂ ಇಡದೆ ಎಂಟು ಮೂಲೆಗಳಿಗೆ ಮಾತ್ರ ನೇಗಿ ತುಂಬಿದರೆ ಅದೂ ಒಂದು ನಮೂನೆಯೇ.

ಇದನ್ನು ಹೊಲಿಯುವ ದಾರಿ ಹೀಗೆ. ಚೌಕದಲ್ಲಿ 40 ಹೊಲಿಗೆ, ಓರೆಚೌಕದಲ್ಲಿ 28. ಗಾವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಎದುರು, ಒಂದು ಹಿಂದೆ. ಬರುವಾಗ ಬಿಟ್ಟ ಜಾಗ ತುಂಬುವುದು. ಇಲ್ಲೇ ಹೊಸಬರು ಎಡವುತ್ತಾರೆ. ಸುತ್ತು ಮುಗಿದು ಹೊರಟ ಜಾಗಕ್ಕೆ ಬಂದಾಗ ಹಾಗೇ ಮುಂದಕ್ಕೆ ಎರಡನೇ ಸುತ್ತು ಹೊರಟುಬಿಡುತ್ತಾರೆ. ಸುತ್ತಿನ ಹೊಲಿಗೆಗಳು ಸಮಸಂಖ್ಯೆಯಲ್ಲಿದ್ದರೆ (40, 28 ಎರಡೂ ಸಮ) ಎರಡನೇ ಸುತ್ತಿನ ಹೊಲಿಗೆ ಮೊದಲಿನ ಹೊಲಿಗೆಯ ಮೇಲೇ ಬೀಳುತ್ತದೆ, ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಬಂದ ದಾರಿಯಲ್ಲೇ ಹಿಂತಿರುಗಿದರೆ ಈ ತೊಂದರೆ ಇಲ್ಲ. ಇನ್ನೊಂದು ನಿಯಮ: ನಡುವೆ ಕವಲು ಸಿಕ್ಕರೆ ಮೊದಲು ಕವಲಿನ ತುದಿಯವರೆಗೆ ಹೋಗಿ, ಹಿಂದಕ್ಕೆ ಬಂದು, ಆಮೇಲೆ ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕು. ಹೋಗಿ ಬರುವುದು ಯಾವಾಗಲೂ ಸಮಸಂಖ್ಯೆಯಾದ್ದರಿಂದ ಎದುರು ಹಿಂದಿನ ಸರದಿ ಕೆಡುವುದಿಲ್ಲ. ನಮ್ಮ ನಕ್ಷತ್ರದಲ್ಲಿ ಚೌಕವನ್ನು ಮುಖ್ಯ ಗೆರೆ ಎಂದಿಟ್ಟುಕೊಂಡು, ಎರಡೂ ಕೂಡುವ ಮೊದಲ ಬಿಂದುವಿನಲ್ಲಿ ಇಡೀ ಓರೆಚೌಕವನ್ನು ಕವಲಿನಂತೆ ಸುತ್ತಿ ಹಿಂತಿರುಗಿ ಬಂದು ಮುಂದೆ ಹೋಗಬೇಕು. ನಮೂನೆ ಬರೆದವರು ಸೂಜಿಯ ಈ ದಾರಿಯನ್ನೂ ಅದೇ ಹಾಳೆಯಲ್ಲಿ ಬಾಣದ ಗುರುತಿನಿಂದ ಬರೆದಿಡುವುದು ಒಳ್ಳೆಯದು. ಹಳೆಯ ಸೀರೆ ಕೈಗೆ ಸಿಕ್ಕಾಗಲೂ ಅಷ್ಟೇ, ಮೊದಲು ಹಿಂಬದಿ ತಿರುವಿ ದಾರ ಎಲ್ಲಿ ಹೊಕ್ಕಿದೆ, ಎಲ್ಲಿ ಮುಗಿದಿದೆ ಎಂದು ನೋಡಬೇಕು. ಕಲಿಯಬೇಕಾದ ಜಾಣ್ಮೆ ಅಲ್ಲೇ ಹೆಚ್ಚು ಕಾಣುತ್ತದೆ.

ಗಿಡಮರಗಳಲ್ಲಿ ಹುಡುಕುವವರು ಎಸಳು ಎಣಿಸಬೇಕು. ನಾಲ್ಕು ಎಸಳಿನವು, ಕೇಪಳ, ಸಾಸಿವೆ ಹೂವಿನಂಥವು, ಅಡ್ಡ ಉದ್ದದ ಲೆಕ್ಕಕ್ಕೆ ಹಾಗೇ ಕೂರುತ್ತವೆ. ದಾಸವಾಳ, ಅಗಸೆಯಂಥ ಐದು ಎಸಳಿನ ಹೂವನ್ನು ಎದುರಿನಿಂದ ಬರೆಯಹೋದರೆ ಒಂದು ಎಸಳು ಸೊಟ್ಟಗಾಗುವುದು ಖಂಡಿತ. ಅವನ್ನು ಪಕ್ಕದಿಂದ ನೋಡಿ ಬರೆಯಬೇಕು. ಕುಸುಬಿಯ ಮುಳ್ಳು ಮುಳ್ಳಾದ ತೆನೆ ಪಕ್ಕದಿಂದ ನೋಡಿದರೆ ಮುರ್ಗಿಗೆಂದೇ ಮಾಡಿದಂತಿದೆ. ನಮ್ಮ ಎರೆಭೂಮಿಯ ಬೆಳೆ, ಸೀರೆಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಹೊಸ ಕಾಲದ ವಸ್ತುಗಳೂ ಬೇಡವೆನ್ನಬೇಕಿಲ್ಲ. ಗದಗಿನ ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತ ಗಾಳಿಯಂತ್ರಗಳ ಮೂರು ರೆಕ್ಕೆಯಲ್ಲಿ ಒಂದನ್ನು ನೇರ ಮೇಲಕ್ಕೆ, ಇನ್ನೆರಡನ್ನು ಎರಡು ಮನೆ ಪಕ್ಕಕ್ಕೆ ಒಂದು ಮನೆ ಕೆಳಕ್ಕೆ ಎಂಬ ಲೆಕ್ಕದಲ್ಲಿ ಇಳಿಸಿದರೆ ಅಂಚಿಗೆ ಒಳ್ಳೆಯ ಸಾಲು ಸಿಗುತ್ತದೆ.

ಒಂದು ವಸ್ತು ಆರಿಸಿಕೊಂಡ ಮೇಲೆ ಅದನ್ನು ಮೂರು ಅಳತೆಯಲ್ಲಿ ಬರೆಯುವುದು ಅಗತ್ಯ: 40 ಮನೆ, 20 ಮನೆ, 12 ಮನೆ. ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ನಮೂನೆ, ಕೆಳಗೆ ಬರುತ್ತಾ ಚಿಕ್ಕವು ಎಂಬುದು ಹಳೆಯ ಪದ್ಧತಿ. ಅದಕ್ಕೆ ಈ ಮೂರೂ ಬೇಕೇ ಬೇಕು. 12 ಮನೆಗೆ ಇಳಿಸುವಾಗ ಏನನ್ನು ಬಿಡಬೇಕೆಂದು ಯೋಚಿಸುತ್ತೇವಲ್ಲ, ನಿಜವಾದ ವಿನ್ಯಾಸದ ಕೆಲಸ ಅದೇ. ನವಿಲಿನ ಕಾಲು ಬಿಡಬಹುದು, ಜುಟ್ಟು ಬಿಡುವಂತಿಲ್ಲ. 12ರಲ್ಲಿ ಗುರುತು ಸಿಗದಿದ್ದರೆ ಆ ವಸ್ತುವನ್ನು ಬುಟ್ಟಾಕ್ಕೆ (ಸೀರೆಯ ಮೈಮೇಲೆ ಬಿಡಿಬಿಡಿಯಾಗಿ ಇಡುವ ಚಿಕ್ಕ ನಮೂನೆಗೆ) ಬಳಸದೆ ದೊಡ್ಡದಾಗಿ ಮಾತ್ರ ಇಟ್ಟುಕೊಳ್ಳಿ. ಎಡಬಲ ಒಂದೇ ಥರದ ನಮೂನೆಯಾದರೆ ನಡುವೆ ಗೆರೆ ಬರಬೇಕೋ ಮನೆ ಬರಬೇಕೋ ಎಂದು ಮೊದಲೇ ತೀರ್ಮಾನಿಸಬೇಕು. ಗೆರೆಯಾದರೆ ಒಟ್ಟು ಮನೆ ಸಮಸಂಖ್ಯೆ, ಮನೆಯಾದರೆ ಬೆಸಸಂಖ್ಯೆ. 10 ಮನೆಗೆ 11 ಗೆರೆಗಳಿರುತ್ತವೆ ಎಂಬುದನ್ನು ಮರೆತು ಒಮ್ಮೆ ಮನೆ, ಒಮ್ಮೆ ಗೆರೆ ಎಣಿಸುವುದರಿಂದಲೇ ಬಹಳಷ್ಟು ಗೋಪುರಗಳು ಒಂದು ಪಕ್ಕಕ್ಕೆ ವಾಲುತ್ತವೆ.

ಹಾಳೆಯ ಮೇಲೆ ಸರಿಯಿದ್ದದ್ದು ಬಟ್ಟೆಯ ಮೇಲೆ ಕೆಡಲು ಮುಖ್ಯ ಕಾರಣ ಹಾಸು (ಉದ್ದ ಎಳೆ), ಹೊಕ್ಕು (ಅಡ್ಡ ಎಳೆ) ಇವುಗಳ ವ್ಯತ್ಯಾಸ. ಕೈಮಗ್ಗದ ಬಟ್ಟೆಯಲ್ಲಿ ಎರಡರ ಎಳೆಗಳೂ ಸಮನಾಗಿರುತ್ತವೆ ಎಂದು ನಂಬಿ ಕೂರಬಾರದು. ಒಂದು ಇಂಚಿನ ಚೌಕ ಗುರುತಿಸಿ ಎರಡೂ ಕಡೆ ಎಣಿಸಿ. ಹಾಸಿನಲ್ಲಿ 40, ಹೊಕ್ಕಿನಲ್ಲಿ 32 ಎಳೆ ಇವೆ ಅನ್ನಿ. ನಾಲ್ಕು ಎಳೆಗೊಂದು ಹೊಲಿಗೆ ಹಾಕಿದರೆ ಅಡ್ಡಕ್ಕೆ ಇಂಚಿಗೆ 10 ಹೊಲಿಗೆ, ಉದ್ದಕ್ಕೆ 8. ಹಾಳೆಯ ಮೇಲೆ 40 ಮನೆ ಚೌಕವಾಗಿದ್ದ ನಮೂನೆ ಬಟ್ಟೆಯ ಮೇಲೆ 4 ಇಂಚು ಅಗಲ, 5 ಇಂಚು ಎತ್ತರವಾಗಿ ನಿಲ್ಲುತ್ತದೆ. ತೇರು, ಗೋಪುರಕ್ಕೆ ಅದು ಹೊಂದೀತು. ನಕ್ಷತ್ರ, ಚಕ್ರಕ್ಕೆ ಹೊಂದದು. ಅಂಥ ನಮೂನೆಯ ಎತ್ತರವನ್ನು ಹಾಳೆಯಲ್ಲೇ 32 ಮನೆಗೆ ಇಳಿಸಿ ಬರೆಯಬೇಕು. ಎಳೆ ಎಣಿಸಲು ಬಾರದ ನುಣುಪು ರೇಷ್ಮೆಯಾದರೆ ಮೇಲೆ ಮ್ಯಾಟಿ ಬಟ್ಟೆಯ (ಎಳೆ, ತೂತು ಎದ್ದು ಕಾಣುವ ದಪ್ಪ ನೇಯ್ಗೆಯ ಬಟ್ಟೆ) ತುಂಡು ಟಾಕಿ ಅದರ ಲೆಕ್ಕದಲ್ಲಿ ಹೊಲಿದು, ಕೊನೆಗೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು ರೂಢಿ. ಆಗ ಸೂಜಿ ಮ್ಯಾಟಿಯ ಎಳೆಯನ್ನು ಚುಚ್ಚದೆ ತೂತಿನಲ್ಲೇ ಇಳಿಯಬೇಕು. ಚುಚ್ಚಿದ ಎಳೆ ಹೊರಬರುವಾಗ ಹೊಲಿಗೆಯನ್ನೂ ಎಳೆದು ಕೆಡಿಸುತ್ತದೆ. ಚಂದ್ರಕಾಳಿಯಂಥ ಕಪ್ಪು ಬಟ್ಟೆಯಲ್ಲಿ ಎಳೆ ಕಾಣದಿದ್ದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಸಂದುಗಳು ಬೆಳ್ಳಗೆ ತೋರುತ್ತವೆ.

ದಾರ 18 ಇಂಚಿಗಿಂತ ಉದ್ದ ಬೇಡ, ಮತ್ತೆ ಮತ್ತೆ ಬಟ್ಟೆಯಲ್ಲಿ ಹಾದು ನವೆಯುತ್ತದೆ. ಇಂಚಿಗೆ 10 ಹೊಲಿಗೆಯ ಲೆಕ್ಕದಲ್ಲಿ ಮೇಲಿನ ನಕ್ಷತ್ರದ ಗೆರೆ ಎದುರಿಗೆ 8 ಇಂಚು, ಹಿಂದೆ 8 ಇಂಚು. ಮೊದಲಿಗೂ ಕೊನೆಗೂ ಮೂರು ಮೂರು ಇಂಚು ಬಿಟ್ಟು ಹೊಲಿಗೆಯೊಳಗೇ ಸೇರಿಸಬೇಕಾದ್ದರಿಂದ ಎರಡು ದಾರ ಬೇಕು. ದಾರ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೀಗೆ ಮೊದಲೇ ಲೆಕ್ಕ ಹಾಕಬಹುದು. ನೇಗಿಯಲ್ಲಿ ಮೇಲೆ ತೇಲುವ ದಾರ ಕಾಲು ಇಂಚು ಮೀರಿದರೆ ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಕಾಗದದ ಮೇಲೆ ಎಷ್ಟೇ ಚೆಂದ ಕಂಡರೂ ಅಲ್ಲಿ ನಡುವೆ ಒಂದು ಹಿಡಿತ ಕೊಡಬೇಕು.

ಬಣ್ಣ ನಾಲ್ಕು ಸಾಕು. ಕೆಂಪು, ಕಿತ್ತಳೆ, ಹಸಿರು, ಬಿಳಿ ಇವು ಕಪ್ಪಿನ ಮೇಲೆ ದೂರಕ್ಕೂ ಎದ್ದು ಕಾಣುತ್ತವೆ. ಕಡುನೀಲಿ ಮುಳುಗಿಹೋಗುತ್ತದೆ. ಕೆಂಪು ದಾರವನ್ನು ಬಿಸಿನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡದೆ ಯಾರೂ ಸೀರೆಗೆ ಹಾಕಬಾರದು.

ಬೇರೆಯವರ ಕಲೆ ನೋಡಿ ಸ್ಫೂರ್ತಿ ಪಡೆಯುವ ಬಗ್ಗೆಯೂ ಒಂದು ಮಾತು. ನೀಲಗಿರಿಯ ತೋಡರ ಕಸೂತಿಯೂ ಎಳೆ ಎಣಿಸಿ ಮಾಡುವಂಥದ್ದೇ. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ಎರಡರಲ್ಲೇ ಅವರು ಎಷ್ಟು ತುಂಬು ಕೆಲಸ ತೆಗೆಯುತ್ತಾರೆ ಎಂಬುದನ್ನು ನೋಡಿ ಕಲಿಯೋಣ. ಅವರ ನಮೂನೆಯನ್ನೋ ಸಂಡೂರಿನ ಲಂಬಾಣಿ ಹೆಂಗಸರ ನಮೂನೆಯನ್ನೋ ಎತ್ತಿ ತಂದು ಹೊಸ ಡಿಸೈನ್ ಎಂದು ಮಾರುವುದು ಸರಿಯಲ್ಲ. ನಮ್ಮ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ನಿಜ. ಅದು ಕಾಯುವುದು ಕಸೂತಿ ಎಂಬ ಹೆಸರನ್ನು, ಅದರ ನೆಲೆಯನ್ನು. ಒಬ್ಬ ಹೆಣ್ಣುಮಗಳು ಕೂತು ಬರೆದ ನಮೂನೆಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಹೀಗಿರುವಾಗ ಕೆಲಸ ಕೊಡುವವರು ನಮೂನೆ ಬರೆದದ್ದಕ್ಕೆ ಬೇರೆ ಹಣ, ಹೊಲಿದದ್ದಕ್ಕೆ ಬೇರೆ ಕೂಲಿ ಎಂದು ಲೆಕ್ಕ ಇಡಬೇಕು. ಒಂದು ಸೀರೆಗೆ ಇಷ್ಟು ಎಂದು ಒಟ್ಟಿಗೆ ಕೊಟ್ಟರೆ ಹಳೆಯದನ್ನೇ ಬೇಗ ಹಾಕಿ ಮುಗಿಸುವವರಿಗೆ ಲಾಭ, ಹೊಸದನ್ನು ಯೋಚಿಸುವವರಿಗೆ ನಷ್ಟ.

ತರಬೇತಿ ನಡೆಸುವವರಲ್ಲಿ, ಸ್ಪರ್ಧೆ ಏರ್ಪಡಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು: ಮುಗಿದ ತುಂಡಿನ ಜೊತೆಗೆ ನೋಡಿ ಬರೆದ ಮೊದಲ ಚಿತ್ರ, ಗ್ರಾಫ್ ಹಾಳೆ, ಒಂದು ಪ್ರಯೋಗದ ತುಂಡು, ಈ ಮೂರನ್ನೂ ಕೇಳಿ. ಅಂಕ ಕೊಡುವಾಗ ಹಿಂಬದಿ ತಿರುವಿ ನೋಡಿ. ಚೌಕಟ್ಟಿಗೆ ಅಂಟಿಸಿ ಗಾಜು ಹಾಕಿದ ಕಸೂತಿಯನ್ನು ಸ್ಪರ್ಧೆಗೆ ತೆಗೆದುಕೊಳ್ಳಲೇಬೇಡಿ.

ತಮ್ಮ ಪತ್ರಿಕೆಯಲ್ಲೂ ಒಂದು ಸಹಾಯ ಬೇಕು. ವಾರಕ್ಕೊಮ್ಮೆ ಪುರವಣಿಯಲ್ಲಿ 12 ಸೆಂ.ಮೀ. ಚೌಕದ ಜಾಗ ಕೊಟ್ಟು ಅದರಲ್ಲಿ 40 ಅಡ್ಡ, 40 ಉದ್ದ ಮನೆಗಳ ಖಾಲಿ ಜಾಲರಿ ಮುದ್ರಿಸಿ. ಪಕ್ಕದಲ್ಲಿ ನಾಡಿನ ಯಾವುದಾದರೂ ಜಾಲಂಧ್ರ, ಬೆಳೆ, ಬಾಗಿಲುವಾಡದ ಫೋಟೊ ಇರಲಿ. ಓದುಗರು ಅಲ್ಲೇ ಬರೆದು ಕಳಿಸಲಿ, ಒಳ್ಳೆಯದನ್ನು ಬರೆದವರ ಹೆಸರಿನೊಂದಿಗೆ ಮುಂದಿನ ವಾರ ಹಾಕಿ. ಪ್ರತಿ ಹತ್ತನೇ ಗೆರೆ ತುಸು ದಪ್ಪಗಿದ್ದರೆ ಎಣಿಸಲು ಅನುಕೂಲ. ಉಳಿದ ಗೆರೆಗಳು ತೆಳು ಬೂದು ಬಣ್ಣದಲ್ಲಿರಲಿ, ಕಪ್ಪಾದರೆ ಮೇಲೆ ಎಳೆದ ಪೆನ್ಸಿಲ್ ಗೆರೆ ಕಾಣುವುದಿಲ್ಲ.

ಇಂತಿ,
ಕಸೂತಿ ಕಲಿಸುವ ಶಿಕ್ಷಕಿಯರು,
ಧಾರವಾಡ